ಬಾವಿಯಿಂದ ನಲ್ಲಿಗೆ

ಬೆಂಗಳೂರಿಗೆ ನಲ್ಲಿ ನೀರು ಬಂದದ್ದು 1896ರಲ್ಲಿ. ಶೇಷಾದ್ರಿ ಅಯ್ಯರ್ ಅವರು ಮೈಸೂರಿನ ದಿವಾನರಾಗಿದ್ದ ಕಾಲವದು. ಅರ್ಕಾವತಿಯ ನೀರು ಹೆಸರಘಟ್ಟದ ಕೆರೆಯಲ್ಲಿ ನಿಂತು, ಸೋಲದೇವನಹಳ್ಳಿಯ ಉಗಿಯಂತ್ರಗಳ ಬಲದಿಂದ ಮೇಲೇರಿ ನಗರವನ್ನು ತಲುಪಿತು. ಅದಕ್ಕೂ ಮೊದಲು ಧರ್ಮಾಂಬುಧಿ, ಸಂಪಂಗಿ, ಹಲಸೂರು ಮುಂತಾದ ಕೆರೆಗಳೂ ಮನೆಮನೆಯ ಬಾವಿಗಳೂ ಊರನ್ನು ಸಲಹಿದ್ದವು. ಧರ್ಮಾಂಬುಧಿಯ ಅಂಗಳದಲ್ಲಿ ಇಂದು ಬಸ್ಸುಗಳು ನಿಲ್ಲುತ್ತವೆ. ಸಂಪಂಗಿಯ ಜಾಗದಲ್ಲಿ ಕಂಠೀರವ ಕ್ರೀಡಾಂಗಣವಿದೆ.

1933ರಲ್ಲಿ ತಿಪ್ಪಗೊಂಡನಹಳ್ಳಿಯ ಜಲಾಶಯ ಸಿದ್ಧವಾಯಿತು. 1974ರಲ್ಲಿ ಕಾವೇರಿಯೇ ಬಂದಳು, ಸುಮಾರು ನೂರು ಕಿಲೋಮೀಟರ್ ದೂರದಿಂದ, ಸುಮಾರು ಐನೂರು ಮೀಟರ್ ಎತ್ತರವನ್ನು ಹತ್ತಿ.

ನಾನು ಬೆಳೆದದ್ದು ಬೆಂಗಳೂರಿನದೇ ಒಂದು ತೊಟ್ಟಿಮನೆಯಲ್ಲಿ. ನಾಲ್ಕೂ ಮಾಡುಗಳ ಮಳೆನೀರು ತೊಟ್ಟಿಗೆ ಬೀಳುತ್ತಿತ್ತು. ಮೊದಲ ಮಳೆಯ ಕೊಳೆ ಹರಿದುಹೋದ ಮೇಲೆ ಅಮ್ಮ ಅಲ್ಲಿ ಹಂಡೆ, ಕೊಳದಪ್ಪಲೆಗಳನ್ನು ಸಾಲಾಗಿ ಇಡುತ್ತಿದ್ದರು. ಬಚ್ಚಲ ನೀರು ಹಿತ್ತಲಿನ ಬಾಳೆಗೂ ಕೆಸುವಿಗೂ ಹೋಗುತ್ತಿತ್ತು. ಅಕ್ಕಿ ತೊಳೆದ ನೀರು ಹಸುವಿನ ಕಲಗಚ್ಚಿಗೆ. ಇದನ್ನು ಯಾರೂ ಜಲಸಂರಕ್ಷಣೆ ಎಂದು ಕರೆಯುತ್ತಿರಲಿಲ್ಲ. ರಾಟೆಯ ಹಗ್ಗ ಎಳೆದು ಅಂಗೈ ಕೆಂಪಾದವರಿಗೆ ಒಂದು ಕೊಡದ ಬೆಲೆ ತಾನಾಗಿಯೇ ತಿಳಿಯುತ್ತಿತ್ತು, ಅಷ್ಟೆ.

ಕಾವೇರಿ ನೀರು ಬಂದ ಮರುವರ್ಷ ಆ ಬಾವಿಯನ್ನು ಮುಚ್ಚಿಸಿದವನು ನಾನೇ. ಆಗಷ್ಟೇ ಉಪಾಧ್ಯಾಯನಾಗಿದ್ದೆ, ಆಧುನಿಕತೆಯ ಹುಮ್ಮಸ್ಸು. "ನಲ್ಲಿ ಯಾರದೋ ಕೈಲಿರತ್ತೆ, ಬಾವಿ ನಮ್ಮದು ಕಣೋ" ಎಂದರು ಅಮ್ಮ. ನಾನು ಕೇಳಲಿಲ್ಲ. ಎರಡು ಗಾಡಿ ಕಲ್ಲು-ಇಟ್ಟಿಗೆ ಚೂರು ಸಾಕಾಯಿತು.

2009ರಲ್ಲಿ ಜಲಮಂಡಳಿಯ ಕಾಯಿದೆಗೆ ತಿದ್ದುಪಡಿ ತಂದು, 2,400 ಚದರ ಅಡಿಯ ನಿವೇಶನದ ಹಳೆಯ ಮನೆಗಳಿಗೂ 1,200 ಚದರ ಅಡಿಯ ನಿವೇಶನದ ಹೊಸ ಮನೆಗಳಿಗೂ ಮಳೆನೀರು ಸಂಗ್ರಹವನ್ನು ಕಡ್ಡಾಯಗೊಳಿಸಿದರು. ತೊಟ್ಟಿಮನೆ ತಾನೇ ಮಾಡುತ್ತಿದ್ದುದನ್ನು ಕಾನೂನು ಬಲವಂತದಿಂದ ಮಾಡಿಸಬೇಕಾಯಿತು! ಲೆಕ್ಕದ ಮೇಷ್ಟರ ಚಪಲ, ಗುಣಿಸಿ ನೋಡಿದೆ: 1,200 ಚದರ ಅಡಿಯ ತಾರಸಿಯ ಮೇಲೆ ವರ್ಷಕ್ಕೆ ಸುರಿಯುವ ಮಳೆ ಸುಮಾರು ಒಂದು ಲಕ್ಷ ಲೀಟರ್.

ಬಾವಿಯಿದ್ದ ಜಾಗದಲ್ಲಿ ಈಗ ಮಗನ ಕಾರು ನಿಲ್ಲುತ್ತದೆ. 2024ರ ಮಾರ್ಚಿಯಲ್ಲಿ ನಗರದ ಕೊಳವೆಬಾವಿಗಳು ಬತ್ತಿ, ಕುಡಿಯುವ ನೀರಿನಿಂದ ವಾಹನ ತೊಳೆದರೆ 5,000 ರೂಪಾಯಿ ದಂಡವೆಂದು ಜಲಮಂಡಳಿ ಆದೇಶಿಸಿದಾಗ, ಆ ಕಾರು ಧೂಳು ಹೊದ್ದು ಅಲ್ಲೇ ನಿಂತಿತ್ತು. ಅದರ ಕೆಳಗೆ ಎಷ್ಟು ಆಳದಲ್ಲಿ ನೀರಿತ್ತೆಂದು ಮಗ ಕೇಳಿದ. ಬೇಸಿಗೆಯಲ್ಲೂ ಇಪ್ಪತ್ತೆರಡು ಮೊಳ ಹಗ್ಗ ಸಾಕಾಗುತ್ತಿತ್ತು ಎಂದೆ.