ಕಚೇರಿಯಿಂದ ತರಗತಿಗೆ: ಕರ್ನಾಟಕದಲ್ಲಿ ಸಮಾಜಶಾಸ್ತ್ರದ ಓದು ಮತ್ತು ಉದ್ಯೋಗ

ಮೈಸೂರು ವಿಶ್ವವಿದ್ಯಾನಿಲಯ 1916ರಲ್ಲಿ ಆರಂಭವಾದಾಗ ಅದರ ಮೊದಲ ಉಪಕುಲಪತಿಯಾದವರು ಎಚ್.ವಿ. ನಂಜುಂಡಯ್ಯ. ಅವರು ನ್ಯಾಯಾಂಗ ಮತ್ತು ಆಡಳಿತದಲ್ಲಿ ಪಳಗಿದ ಅಧಿಕಾರಿ. ಸಂಸ್ಥಾನದ ಜನಾಂಗ ಸಮೀಕ್ಷೆಯ ಹೊಣೆಯನ್ನೂ ಅವರು ಅದಾಗಲೇ ಹೊತ್ತಿದ್ದರು. ಒಂದೊಂದು ಜಾತಿ, ಬುಡಕಟ್ಟಿನ ಮದುವೆ, ಸೂತಕ, ಕುಲಕಸುಬು, ಪಂಚಾಯಿತಿ ನಡಾವಳಿಗಳನ್ನು ದಾಖಲಿಸಿದ ಕಿರುಹೊತ್ತಗೆಗಳು ಆ ಸಮೀಕ್ಷೆಯಿಂದ ಹೊರಬಂದವು. 1920ರಲ್ಲಿ ನಂಜುಂಡಯ್ಯ ತೀರಿಕೊಂಡ ಮೇಲೆ ಎಲ್.ಕೆ. ಅನಂತಕೃಷ್ಣ ಅಯ್ಯರ್ ಆ ಸಾಮಗ್ರಿಯನ್ನು ಪೂರ್ಣಗೊಳಿಸಿ, 1928ರಿಂದ 1935ರ ನಡುವೆ ‘ದಿ ಮೈಸೂರ್ ಟ್ರೈಬ್ಸ್ ಅಂಡ್ ಕಾಸ್ಟ್ಸ್’ ಎಂಬ ನಾಲ್ಕು ಸಂಪುಟಗಳಾಗಿ ಪ್ರಕಟಿಸಿದರು.

ಸಮಾಜಶಾಸ್ತ್ರ ಓದಿದರೆ ಏನು ಕೆಲಸ ಸಿಗುತ್ತದೆ ಎಂದು ಇಂದು ಕೇಳುವವರು, ವಿಷಯ ಮೊದಲು ಹುಟ್ಟಿತು, ಕೆಲಸ ಆಮೇಲೆ ಬರಬೇಕು ಎಂದು ಭಾವಿಸಿರುತ್ತಾರೆ. ಕರ್ನಾಟಕದ ಮಟ್ಟಿಗೆ ಆದದ್ದು ಇದಕ್ಕೆ ತಿರುಗುಮುರುಗು. ಸಮಾಜವನ್ನು ಎಣಿಸುವ, ವಿಂಗಡಿಸುವ, ವರದಿ ಬರೆಯುವ ಕೆಲಸ ಸರ್ಕಾರದಲ್ಲಿ ಮೊದಲೇ ಇತ್ತು; ಅದನ್ನು ಕಲಿಸುವ ವಿಭಾಗಗಳು ತಡವಾಗಿ ಬಂದವು. ಈ ಅನುಕ್ರಮವನ್ನು ಗಮನಿಸದೆ ಇಲ್ಲಿನ ಸಮಾಜಶಾಸ್ತ್ರದ ಚರಿತ್ರೆ ಬರೆಯುವುದು ಕಷ್ಟ.

ತರಗತಿಗೆ ಅದು ಬಂದದ್ದು ತತ್ವಶಾಸ್ತ್ರದ ಬಾಗಿಲಿನಿಂದ. ನಂಜುಂಡಯ್ಯನವರ ನಂತರ ಉಪಕುಲಪತಿಯಾದ ಬ್ರಜೇಂದ್ರನಾಥ ಸೀಲ್ ಹೆಸರಾಂತ ತತ್ವಶಾಸ್ತ್ರಜ್ಞರು. ಮಹಾರಾಜಾ ಕಾಲೇಜಿನ ತತ್ವಶಾಸ್ತ್ರದ ಪ್ರಾಧ್ಯಾಪಕ ಎ.ಆರ್. ವಾಡಿಯಾ ಅವರ ಕಾಲದಲ್ಲಿ ‘ಸೋಷಿಯಲ್ ಫಿಲಾಸಫಿ’ ಎಂಬ ಆನರ್ಸ್ ಪದವಿಯೊಳಗೆ ಸಮಾಜಶಾಸ್ತ್ರ ಮತ್ತು ಸಾಮಾಜಿಕ ಮಾನವಶಾಸ್ತ್ರಗಳಿಗೆ ಜಾಗ ಸಿಕ್ಕಿತು. ಸ್ವತಂತ್ರ ವಿಭಾಗ ಬೇಕೆಂದವರು ಬೊಂಬಾಯಿಗೆ ಹೋಗಬೇಕಿತ್ತು. ಅಲ್ಲಿ 1919ರಲ್ಲಿ ಪ್ಯಾಟ್ರಿಕ್ ಗೆಡ್ಡಿಸ್ ನೇತೃತ್ವದಲ್ಲಿ ವಿಭಾಗ ತೆರೆದಿತ್ತು. 1924ರಿಂದ ಅದು ಜಿ.ಎಸ್. ಘುರ್ಯೆ ಅವರ ಕೈಗೆ ಬಂತು.

ಎಂ.ಎನ್. ಶ್ರೀನಿವಾಸ್ ಹಿಡಿದದ್ದು ಇದೇ ದಾರಿ. 1916ರಲ್ಲಿ ಮೈಸೂರಿನಲ್ಲಿ ಹುಟ್ಟಿದ ಅವರು 1936ರಲ್ಲಿ ಆನರ್ಸ್ ಮುಗಿಸಿ ಬೊಂಬಾಯಿಗೆ ತೆರಳಿದರು. ಎಂ.ಎ. ಜೊತೆಗೆ ಕಾನೂನು ಪದವಿಯನ್ನೂ ಪಡೆದರು. ಸಮಾಜಶಾಸ್ತ್ರವೊಂದನ್ನೇ ನೆಚ್ಚಿ ಬದುಕು ಕಟ್ಟಲಾದೀತೆಂಬ ಭರವಸೆ ಆ ತಲೆಮಾರಿನ ಮಧ್ಯಮವರ್ಗದ ಮನೆಗಳಲ್ಲಿ ಇರಲಿಲ್ಲ ಎಂಬುದಕ್ಕೆ ಇದನ್ನು ಸಾಕ್ಷಿಯಾಗಿ ಓದಬಹುದು. ಎಂ.ಎ. ಪ್ರಬಂಧ ‘ಮ್ಯಾರೇಜ್ ಅಂಡ್ ಫ್ಯಾಮಿಲಿ ಇನ್ ಮೈಸೂರ್’ 1942ರಲ್ಲಿ ಪುಸ್ತಕವಾಯಿತು. ಆಕ್ಸ್‌ಫರ್ಡಿನಲ್ಲಿ ರ‍್ಯಾಡ್‌ಕ್ಲಿಫ್-ಬ್ರೌನ್ ಮತ್ತು ಇವಾನ್ಸ್-ಪ್ರಿಚರ್ಡ್ ಬಳಿ ಪಳಗಿದ ಮೇಲೆ ಕೊಡವರ ಕುರಿತ ಗ್ರಂಥ 1952ರಲ್ಲಿ ಬಂತು. ಆಕ್ಸ್‌ಫರ್ಡ್ ಅವರಿಗೆ ಅಧ್ಯಾಪಕ ಹುದ್ದೆ ಕೊಟ್ಟು, ಮೊದಲ ವರ್ಷವನ್ನು ಕ್ಷೇತ್ರಕಾರ್ಯದಲ್ಲಿ ಕಳೆಯಲು ಬಿಟ್ಟಿತು. 1948ರಲ್ಲಿ ಮೈಸೂರು ಸೀಮೆಯ ಹಳ್ಳಿಯೊಂದರಲ್ಲಿ ಬಿಡಾರ ಹೂಡಿದ ಶ್ರೀನಿವಾಸರು ಅದನ್ನು ಬರಹದಲ್ಲಿ ‘ರಾಂಪುರ’ ಎಂದು ಕರೆದರು. ‘ಪ್ರಬಲ ಜಾತಿ’, ‘ವೋಟ್ ಬ್ಯಾಂಕ್’ ಎಂದು ಈಗ ಚುನಾವಣಾ ವರದಿಗಾರರು ದಿನಬೆಳಗಾದರೆ ಬಳಸುವ ಪರಿಕಲ್ಪನೆಗಳು ಆ ಹಳ್ಳಿಯ ಅಧ್ಯಯನದಿಂದ ಎದ್ದು ಬಂದವು.

ಸ್ವಾತಂತ್ರ್ಯದ ನಂತರ ಉದ್ಯೋಗದ ಸ್ವರೂಪ ಬದಲಾಯಿತು. 1952ರ ಅಕ್ಟೋಬರ್ 2ರಂದು ಆರಂಭವಾದ ಸಮುದಾಯ ಅಭಿವೃದ್ಧಿ ಯೋಜನೆ ಹಳ್ಳಿಗಳನ್ನು ಬಲ್ಲವರನ್ನು ಬೇಡಿತು. ವಿಸ್ತರಣಾಧಿಕಾರಿ, ಸಮಾಜ ಶಿಕ್ಷಣ ಸಂಘಟಕ, ಮೌಲ್ಯಮಾಪನ ಸಮೀಕ್ಷೆಯ ತನಿಖಾಧಿಕಾರಿ ಮುಂತಾದ ಹುದ್ದೆಗಳು ಬಂದವು. ವಿದೇಶಿ ಸಂಶೋಧಕರೂ ಬಂದರು. ಸ್ಕಾರ್ಲೆಟ್ ಎಪ್‌ಸ್ಟೈನ್ 1950ರ ದಶಕದಲ್ಲಿ ಮಂಡ್ಯ ಸೀಮೆಯ ಎರಡು ಹಳ್ಳಿಗಳನ್ನು, ಒಂದು ನಾಲೆಯ ನೀರು ಕಂಡದ್ದು, ಇನ್ನೊಂದು ಒಣಭೂಮಿಯದು, ಅಕ್ಕಪಕ್ಕ ಇಟ್ಟು ಅಧ್ಯಯನ ಮಾಡಿದರು. ನೀರು ಬಂದ ಊರಿನಲ್ಲಿ ಸಂಬಂಧಗಳು ಹೆಚ್ಚು ಕದಡಿದ್ದವೆಂದು ಯಾರಾದರೂ ಊಹಿಸಿಯಾರು. ಆದರೆ ನೀರಾವರಿಯ ಊರು ಹಳೆಯ ಕಟ್ಟಳೆಗಳನ್ನು ಬಹುಮಟ್ಟಿಗೆ ಉಳಿಸಿಕೊಂಡಿತ್ತು. ಹೊರಗೆ ದುಡಿಮೆ ಹುಡುಕಬೇಕಾದ ಒಣ ಊರೇ ಹೆಚ್ಚು ಬದಲಾಗಿತ್ತು.

ಧಾರವಾಡದ ಕತೆ ಬೇರೆ. ಕರ್ನಾಟಕ ವಿಶ್ವವಿದ್ಯಾಲಯದಲ್ಲಿದ್ದ ಕೆ. ಈಶ್ವರನ್ ‘ಶಿವಾಪುರ’ದ ಅಧ್ಯಯನ ಬರೆದು, ಮುಂದೆ ಕೆನಡಾದ ಯಾರ್ಕ್ ವಿಶ್ವವಿದ್ಯಾಲಯ ಸೇರಿದರು. ಕನ್ನಡ ಓದುಗರಿಗೆ ಅವರು ಹಿರೇಮಲ್ಲೂರ ಈಶ್ವರನ್ ಎಂಬ ಸಾಹಿತಿಯಾಗಿ ಹೆಚ್ಚು ಪರಿಚಿತರು. ಸಾಹಿತ್ಯ ಕನ್ನಡದಲ್ಲಿ, ಶಾಸ್ತ್ರ ಇಂಗ್ಲಿಷಿನಲ್ಲಿ ಎಂಬ ಈ ಸೀಳು ಅವರೊಬ್ಬರದೇ ಅಲ್ಲ.

ಇಷ್ಟಾದರೂ ಸಮಾಜಶಾಸ್ತ್ರದ ಪದವೀಧರರಿಗೆ ಖಾಯಂ ಹುದ್ದೆ ಎಂದರೆ ಬಹುಪಾಲು ಅಧ್ಯಾಪನವೇ. ಕಾನೂನಿನ ಬಲದಿಂದ ಹುಟ್ಟಿದ ನೌಕರಿಗಳ ಲಾಭ ಪಡೆದದ್ದು ನೆರೆಯ ಶಿಸ್ತಾದ ಸಮಾಜಕಾರ್ಯ. 1948ರ ಕಾರ್ಖಾನೆ ಕಾಯ್ದೆ 500 ಅಥವಾ ಹೆಚ್ಚು ಕಾರ್ಮಿಕರಿರುವ ಕಾರ್ಖಾನೆಗೆ ಕಲ್ಯಾಣಾಧಿಕಾರಿ ಇರಲೇಬೇಕೆಂದಿತು. ಬೆಂಗಳೂರಿನ ಸಾರ್ವಜನಿಕ ಉದ್ದಿಮೆಗಳು ಬೆಳೆದಂತೆ ಸಮಾಜಕಾರ್ಯದ ಸ್ನಾತಕೋತ್ತರರಿಗೆ ದಾರಿ ತೆರೆಯಿತು. 1960ರಲ್ಲಿ ಮಂಗಳೂರಿನಲ್ಲಿ ಸಮಾಜಕಾರ್ಯ ಕಲಿಸುವ ರೋಶನಿ ನಿಲಯ ಆರಂಭವಾಯಿತು. 2013ರ ಕಂಪನಿ ಕಾಯ್ದೆ ದೊಡ್ಡ ಕಂಪನಿಗಳ ಲಾಭದ ಶೇ. 2ರಷ್ಟನ್ನು ಸಾಮಾಜಿಕ ಹೊಣೆಗಾರಿಕೆಗೆ ಮೀಸಲಿಡಲು ಹೇಳಿದ ಮೇಲೂ ಎಂಎಸ್‌ಡಬ್ಲ್ಯೂ ಪದವೀಧರರಿಗೇ ಹೆಚ್ಚು ಅನುಕೂಲವಾಯಿತೆಂದು ತೋರುತ್ತದೆ. ಸಮಾಜವನ್ನು ಅರ್ಥಮಾಡಿಕೊಳ್ಳುವವರಿಗಿಂತ ಅದರಲ್ಲಿ ಕೈಯಾಡಿಸಬಲ್ಲವರನ್ನು ಮಾಲೀಕರು ಬೇಗ ಗುರುತಿಸುತ್ತಾರೆ.

ಸರ್ಕಾರದ ಸಮೀಕ್ಷೆಗಳಾದರೂ ಸಮಾಜಶಾಸ್ತ್ರಜ್ಞರಿಗೆ ಸೇರಿದ್ದೇ? ಅದೂ ಪೂರ್ತಿ ಹಾಗಲ್ಲ. 1972ರಲ್ಲಿ ರಚನೆಯಾದ ಎಲ್.ಜಿ. ಹಾವನೂರ ನೇತೃತ್ವದ ಹಿಂದುಳಿದ ವರ್ಗಗಳ ಆಯೋಗ 1975ರಲ್ಲಿ ವರದಿ ಕೊಡುವ ಮುನ್ನ ವ್ಯಾಪಕ ಸಾಮಾಜಿಕ-ಆರ್ಥಿಕ ಸಮೀಕ್ಷೆ ನಡೆಸಿತು; ಆದರೆ ಹಾವನೂರರು ವಕೀಲರು. ರಾಜ್ಯದ 2015ರ ಸಾಮಾಜಿಕ-ಶೈಕ್ಷಣಿಕ ಮನೆಮನೆ ಸಮೀಕ್ಷೆಯಲ್ಲಿ ಊರೂರು ಸುತ್ತಿದವರು ಹೆಚ್ಚಾಗಿ ಶಾಲಾ ಶಿಕ್ಷಕರು. ಸಮಾಜವಿಜ್ಞಾನಗಳ ಸಂಶೋಧನೆಗೆ ಮೀಸಲಾದ ನೆಲೆಯೆಂದರೆ, 1972ರಲ್ಲಿ ವಿ.ಕೆ.ಆರ್.ವಿ. ರಾವ್ ಬೆಂಗಳೂರಿನಲ್ಲಿ ಸ್ಥಾಪಿಸಿದ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆ. ದೆಹಲಿಯಲ್ಲಿದ್ದ ಶ್ರೀನಿವಾಸರು ಅಲ್ಲಿಗೇ ಮರಳಿದರು.

ಯಾರಿಗೆ ಈ ವೃತ್ತಿ ತೆರೆದಿತ್ತು ಎಂಬುದನ್ನು ನೋಡದಿದ್ದರೆ ಈ ಚರಿತ್ರೆ ಅರ್ಧವಾಗುತ್ತದೆ. ದಲಿತ ಸಮುದಾಯದಿಂದ ಬಂದ ಸಿ. ಪಾರ್ವತಮ್ಮ ಮ್ಯಾಂಚೆಸ್ಟರಿನಲ್ಲಿ ಪಿಎಚ್‌.ಡಿ. ಪಡೆದು ಮೈಸೂರಿನಲ್ಲಿ ಪ್ರಾಧ್ಯಾಪಕರಾದರು. ಅವರ ‘ಪಾಲಿಟಿಕ್ಸ್ ಅಂಡ್ ರಿಲಿಜನ್’ 1971ರಲ್ಲಿ ಬಂತು. 1970ರಲ್ಲಿ ಸ್ಟ್ಯಾನ್‌ಫರ್ಡಿನಲ್ಲಿ ನಡೆದ ಬೆಂಕಿ ಅನಾಹುತದಲ್ಲಿ ಟಿಪ್ಪಣಿಗಳು ಸುಟ್ಟಮೇಲೆ ಶ್ರೀನಿವಾಸರು ನೆನಪಿನಿಂದ ಬರೆದ ‘ದಿ ರಿಮೆಂಬರ್ಡ್ ವಿಲೇಜ್’ (1976) ಜಗತ್ತಿನ ಮೆಚ್ಚುಗೆ ಗಳಿಸಿದಾಗ, 1978ರ ‘ಕಾಂಟ್ರಿಬ್ಯೂಷನ್ಸ್ ಟು ಇಂಡಿಯನ್ ಸೋಷಿಯಾಲಜಿ’ಯಲ್ಲಿ ಪಾರ್ವತಮ್ಮ ಅದನ್ನು ಬ್ರಾಹ್ಮಣೀಯ ಯಾತ್ರೆ ಎಂದು ಶೀರ್ಷಿಕೆಯಲ್ಲೇ ಕರೆದು ವಿಮರ್ಶಿಸಿದರು. ಕ್ಷೇತ್ರಕಾರ್ಯಕ್ಕೆ ಹೋದವನು ಯಾರ ಮನೆಯಲ್ಲಿ ಇಳಿದುಕೊಂಡ, ಯಾವ ಕೇರಿಗೆ ಹೋಗದೆ ಉಳಿದ ಎಂಬ ಪ್ರಶ್ನೆಯನ್ನು ಆ ವಿಮರ್ಶೆಯಿಂದಾಚೆ ತಳ್ಳಿಹಾಕುವುದು ಸುಲಭವಾಗಿಲ್ಲ. ಆ ಲೇಖನಕ್ಕೆ ಸಿಗಬೇಕಾದಷ್ಟು ಗಮನ ನಮ್ಮ ತರಗತಿಗಳಲ್ಲಿ ಸಿಕ್ಕಿಲ್ಲ ಎಂಬುದು ನನ್ನ ಅಭಿಪ್ರಾಯ.

ಇಂದು ಪಿಯುಸಿಯಲ್ಲಿ ಎಚ್‌ಇಪಿಎಸ್ (ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ) ತೆಗೆದುಕೊಂಡು ಪದವಿಗೆ ಬರುವ ಬಹಳಷ್ಟು ಮಕ್ಕಳಿಗೆ ಸಮಾಜಶಾಸ್ತ್ರ ಎಂದರೆ ಸ್ಪರ್ಧಾತ್ಮಕ ಪರೀಕ್ಷೆಯ ವಿಷಯ. ನಾಗರಿಕ ಸೇವಾ ಮುಖ್ಯ ಪರೀಕ್ಷೆಯಲ್ಲಿ ಅದು ತಲಾ 250 ಅಂಕಗಳ ಎರಡು ಐಚ್ಛಿಕ ಪತ್ರಿಕೆಗಳು. ಎರಡನೆಯ ಪತ್ರಿಕೆಯ ಪಠ್ಯಕ್ರಮ ಘುರ್ಯೆ, ಶ್ರೀನಿವಾಸ್, ಎ.ಆರ್. ದೇಸಾಯಿ ಅವರನ್ನು ಹೆಸರಿಸಿ ಓದಲು ಹೇಳುತ್ತದೆ. ಪಾರ್ವತಮ್ಮನವರ ಹೆಸರು ಆ ಪಟ್ಟಿಯಲ್ಲಿಲ್ಲ.