ತಂತಿಯಿಲ್ಲದೆ ಬೆಳಗಿದ ದೀಪ

(ಸೂರ್ ನಗರದ ಕನ್ನಡ ಬಂಧುಗಳ ಸಭೆಯಲ್ಲಿ ನೀಡಿದ ಅತಿಥಿ ಉಪನ್ಯಾಸದ ಪಾಠ)



ಸೂರ್ ನಗರವನ್ನು ನಾವೆಲ್ಲರೂ ಹಡಗು ಕಟ್ಟುವವರ ಊರೆಂದು ಬಲ್ಲೆವು. ಇಲ್ಲಿನ ನೌಕೆಗಳು ತೇಗದ ಮರಕ್ಕಾಗಿ ನಮ್ಮ ಪಶ್ಚಿಮ ಕರಾವಳಿಯತ್ತ ಬರುತ್ತಿದ್ದ ಕಾಲವೊಂದಿತ್ತು. ಇದೇ ಕಡಲತೀರಕ್ಕೆ ಇನ್ನೊಂದು ಬಗೆಯ ಯಾನದ ಇತಿಹಾಸವೂ ಇದೆ. ಸೂರ್‌ನ ದಕ್ಷಿಣಕ್ಕಿರುವ ಮಸೀರಾ ದ್ವೀಪದಲ್ಲಿ ಬಿಬಿಸಿ ಸಂಸ್ಥೆ 1969ರಲ್ಲಿ ಒಂದು ಪ್ರಬಲ ಮರುಪ್ರಸಾರ ಕೇಂದ್ರವನ್ನು ತೆರೆಯಿತು. 2002ರಲ್ಲಿ ಅದರ ಕಾರ್ಯವು ಸೂರ್‌ಗೆ ಇನ್ನೂ ಸಮೀಪದ, ಅಲ್ ಅಶ್ಖರಾ ಬಳಿಯ ಅಸ್ಸೀಲಾ ಕೇಂದ್ರಕ್ಕೆ ವರ್ಗವಾಯಿತು. ಭಾರತದ ಅನೇಕ ಮನೆಗಳು ಕೇಳಿದ ವಾರ್ತೆ ಈ ಮರಳುಗಾಡಿನ ಅಂಚಿನಿಂದಲೇ ಅರಬ್ಬಿ ಸಮುದ್ರವನ್ನು ದಾಟಿತ್ತು.

ಇಂಥ ಕೇಂದ್ರಗಳಿರುವೆಡೆಯಲ್ಲೆಲ್ಲ ಒಂದು ಮಾತು ಹುಟ್ಟಿಕೊಳ್ಳುತ್ತದೆ: ಪ್ರಸಾರಸ್ತಂಭದ ಬಳಿ ಟ್ಯೂಬ್‌ಲೈಟನ್ನು ಕೈಯಲ್ಲಿ ಹಿಡಿದರೆ ಅದು ತಂತಿಯಿಲ್ಲದೆ ತಾನೇ ಬೆಳಗುತ್ತದೆ ಎಂಬುದು. ಮಾತು ಸುಳ್ಳಲ್ಲ. ಆದರೆ ಅದರಿಂದ ಹೊರಡುವ ‘ಪುಕ್ಕಟೆ ವಿದ್ಯುತ್ತು’ ಎಂಬ ಆಸೆಯನ್ನು ಇತಿಹಾಸದ ಒರೆಗೆ ಹಚ್ಚಿ ನೋಡಬೇಕಾಗಿದೆ.

1880ರ ದಶಕದ ಕೊನೆಯಲ್ಲಿ ಜರ್ಮನಿಯ ಹೈನ್ರಿಖ್ ಹರ್ಟ್ಸ್ ರೇಡಿಯೋ ಅಲೆಗಳನ್ನು ಮೊದಲಿಗೆ ಪತ್ತೆ ಹಚ್ಚಿದ್ದೇ ಒಂದು ಬೆಳಕಿನಿಂದ. ಕೋಣೆಯ ಆಚೆ ತುದಿಯಲ್ಲಿದ್ದ ತಂತಿಯುಂಗುರದ ಸಣ್ಣ ಬಿರುಕಿನಲ್ಲಿ ಕಿಡಿಯೊಂದು ಮಿನುಗಿತು. 1891ರಲ್ಲಿ ನಿಕೋಲಾ ಟೆಸ್ಲಾ ನ್ಯೂಯಾರ್ಕಿನ ಉಪನ್ಯಾಸವೊಂದರಲ್ಲಿ, ಯಾವ ತಂತಿಗೂ ಜೋಡಿಸದ ಗಾಜಿನ ಕೊಳವೆಗಳನ್ನು ಬೆಳಗಿಸಿ ವಿದ್ವಾಂಸರನ್ನು ಬೆರಗುಗೊಳಿಸಿದರು. ಕೆಲವೇ ವರ್ಷಗಳಲ್ಲಿ ನಮ್ಮ ಜಗದೀಶಚಂದ್ರ ಬೋಸರು ಕಲ್ಕತ್ತೆಯಲ್ಲಿ ಅಲೆಗಳ ಮೂಲಕ ದೂರದಿಂದಲೇ ಗಂಟೆ ಬಾರಿಸಿ, ಮದ್ದಿಗೆ ಕಿಡಿ ತಗುಲಿಸಿ ತೋರಿದರು. ಜಗತ್ತಿಗೇ ತಂತಿಯಿಲ್ಲದೆ ಶಕ್ತಿಯನ್ನು ಹಂಚುವ ಕನಸಿನಿಂದ ಟೆಸ್ಲಾ 1901ರಲ್ಲಿ ವಾರ್ಡನ್‌ಕ್ಲಿಫ್ ಗೋಪುರಕ್ಕೆ ಕೈಹಾಕಿದರು. ಹಣದ ನೆರವು ನಿಂತಿತು. 1917ರಲ್ಲಿ ಗೋಪುರವನ್ನೇ ಕೆಡವಲಾಯಿತು.

ಹಣವೊಂದೇ ಕಾರಣವಾಗಿರಲಿಲ್ಲ. ಸ್ತಂಭದಿಂದ ಹೊರಟ ಶಕ್ತಿ ಎಲ್ಲ ದಿಕ್ಕಿಗೂ ಹರಡುತ್ತದೆ. ದೂರ ಹತ್ತು ಪಟ್ಟಾದರೆ ದೊರೆಯುವ ಪಾಲು ನೂರರಲ್ಲೊಂದಾಗುತ್ತದೆ. 500 ಕಿಲೋವ್ಯಾಟ್‌ನ ಮಧ್ಯಮ ತರಂಗ ಕೇಂದ್ರವೊಂದರಿಂದ ಒಂದು ಕಿಲೋಮೀಟರ್ ದೂರದಲ್ಲಿ, ಚದರ ಮೀಟರಿಗೆ ಸಿಗುವುದು ಸುಮಾರು ಒಂದು ವ್ಯಾಟಿನ ಹತ್ತನೆಯ ಒಂದು ಪಾಲು. ಹತ್ತು ಕಿಲೋಮೀಟರ್ ಆಚೆ ಅದು ಸಾವಿರದಲ್ಲೊಂದು ಪಾಲು ಮಾತ್ರ. ಅಮೆರಿಕದ ಒಹಾಯೋ ಪ್ರಾಂತ್ಯದಲ್ಲಿ 1934ರಿಂದ 1939ರವರೆಗೆ ಇಷ್ಟೇ ಬಲದಿಂದ ಕೆಲಸ ಮಾಡಿದ ಡಬ್ಲ್ಯುಎಲ್‌ಡಬ್ಲ್ಯು ಕೇಂದ್ರದ ನೆರೆಹೊರೆಯಲ್ಲಿ ದೀಪಗಳು ಆರಿಸಿದರೂ ಆರುತ್ತಿರಲಿಲ್ಲವೆಂಬ ಕಥೆಗಳು ಇಂದಿಗೂ ಪ್ರಚಲಿತ. ಆ ಕಥೆಗಳೆಲ್ಲವೂ ಸ್ತಂಭದ ಆಸುಪಾಸಿನವು ಎಂಬುದನ್ನು ಗಮನಿಸಬೇಕು. ಅಲ್ಲಿ ಟ್ಯೂಬಿನೊಳಗಿನ ಅನಿಲವನ್ನು ಪ್ರಬಲ ವಿದ್ಯುತ್ ಕ್ಷೇತ್ರವೇ ಕೆರಳಿಸಿ ಬೆಳಗಿಸುತ್ತದೆ. ಅದೇ ಕ್ಷೇತ್ರ ಅಲ್ಲಿನ ಲೋಹವನ್ನು ಮುಟ್ಟಿದ ಕೈಯನ್ನು ಸುಡಲೂಬಲ್ಲದು. ಮಕ್ಕಳು ಪರೀಕ್ಷಿಸಿ ನೋಡತಕ್ಕ ಆಟ ಇದಲ್ಲ.

ಅಷ್ಟೇ ಅಲ್ಲ, ಆ ಬೆಳಕು ಪುಕ್ಕಟೆಯೂ ಅಲ್ಲ. ಗಾಳಿಯಲ್ಲಿರುವ ಪ್ರತಿಯೊಂದು ಅಲೆಗೂ ಯಾರೋ ಬೆಲೆ ತೆತ್ತಿರುತ್ತಾರೆ. ಉದ್ದನೆಯ ತಂತಿ ಕಟ್ಟಿ ಹೆಚ್ಚು ಶಕ್ತಿಯನ್ನು ಸೆಳೆದುಕೊಂಡವನ ಹಿಂದೆ, ಮರದ ಹಿಂದೆ ನೆರಳು ಬೀಳುವಂತೆ, ಅಲೆಯ ಬಲ ಕುಗ್ಗುತ್ತದೆ. ಹಣತೆಯಿಂದ ಹಣತೆ ಹಚ್ಚಿದರೆ ಮೊದಲನೆಯದು ಕುಂದುವುದಿಲ್ಲವೆಂದು ನಾವು ನಂಬಿ ಬಂದಿದ್ದೇವೆ. ಅಲೆಯಿಂದ ಶಕ್ತಿ ಪಡೆಯುವ ದೀಪಕ್ಕೆ ಆ ನಂಬಿಕೆ ಸಲ್ಲದು.

ಶಕ್ತಿಯನ್ನೇ ಕಳುಹಿಸಬೇಕೆಂದವರು ಕಡೆಗೆ ಬೇರೆ ದಾರಿ ಹಿಡಿದರು. ವಿಲಿಯಂ ಬ್ರೌನ್ 1964ರಲ್ಲಿ ಪುಟ್ಟ ಹೆಲಿಕಾಪ್ಟರೊಂದನ್ನು ಮೈಕ್ರೋವೇವ್ ಕಿರಣದ ಬಲದಿಂದಲೇ ಹಾರಿಸಿದರು. 1975ರಲ್ಲಿ ಕ್ಯಾಲಿಫೋರ್ನಿಯಾದ ಗೋಲ್ಡ್‌ಸ್ಟೋನ್‌ನಲ್ಲಿ ಸುಮಾರು ಒಂದೂವರೆ ಕಿಲೋಮೀಟರ್ ದೂರಕ್ಕೆ 30 ಕಿಲೋವ್ಯಾಟ್‌ಗೂ ಅಧಿಕ ಶಕ್ತಿಯನ್ನು ತಲುಪಿಸಿ ದೀಪಗಳ ಸಾಲನ್ನೇ ಬೆಳಗಿಸಲಾಯಿತು. ಅದು ಊರಿಗೆಲ್ಲ ಹರಡುವ ಬಾನುಲಿಯಲ್ಲ, ಒಂದೇ ಗುರಿಗೆ ಕಟ್ಟಿದ ಕಿರಣ.

ಹಾಗಾದರೆ ಎಲ್ಲ ದಿಕ್ಕಿಗೂ ಚೆಲ್ಲಿಹೋಗುವ ಅಲೆಯಿಂದ ಏನು ಪ್ರಯೋಜನ? ಉತ್ತರವನ್ನು ಮೈಸೂರಿನಲ್ಲಿ ಹುಡುಕೋಣ. 1935ರಲ್ಲಿ ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ ಬಾನುಲಿ ಕೇಂದ್ರವನ್ನು ಆರಂಭಿಸಿದರು. ಅವರ ಮೊದಲ ಪ್ರೇಷಕದ ಬಲ 30 ವ್ಯಾಟ್. ನಮ್ಮ ಮನೆಗಳಲ್ಲಿದ್ದ 40 ವ್ಯಾಟಿನ ಟ್ಯೂಬ್‌ಲೈಟೊಂದನ್ನು ಪೂರ್ಣವಾಗಿ ಉರಿಸಲೂ ಅದು ಸಾಲದು! ಅಷ್ಟರಲ್ಲಿಯೇ ಆ ಕೇಂದ್ರ ಮೈಸೂರಿಗೆ ಮಾತು, ಸಂಗೀತಗಳನ್ನು ಮುಟ್ಟಿಸಿತು. ಅದರ ‘ಆಕಾಶವಾಣಿ’ ಎಂಬ ಹೆಸರು ಮುಂದೆ ಇಡೀ ಭಾರತದ ಬಾನುಲಿಯ ಹೆಸರಾಯಿತು. 1994ರಲ್ಲಿ ಬೆಂಗಳೂರಿನ ಯಲಹಂಕದಲ್ಲಿ ತಲಾ 500 ಕಿಲೋವ್ಯಾಟ್‌ನ ಪ್ರೇಷಕಗಳು ಎದ್ದು ನಿಂತವು. ಆ ಬೃಹತ್ ಶಕ್ತಿಯ ಉದ್ದೇಶವೂ ದೀಪ ಬೆಳಗಿಸುವುದಲ್ಲ, ಮಾತನ್ನು ದೇಶಾಂತರಕ್ಕೆ ಮುಟ್ಟಿಸುವುದೇ ಆಗಿತ್ತು.

ಹರಳು ರೇಡಿಯೋ ಇದಕ್ಕೆ ಸಾಕ್ಷಿ. ಅದಕ್ಕೆ ಬ್ಯಾಟರಿಯಿಲ್ಲ, ವಿದ್ಯುತ್ತಿಲ್ಲ. ಅಲೆ ಹೊತ್ತು ತಂದ ಶಕ್ತಿಯಿಂದಲೇ ಅದು ನುಡಿಯುತ್ತದೆ. ವ್ಯಾಟಿನ ಹತ್ತು ಲಕ್ಷದಲ್ಲೊಂದು ಪಾಲು ದೊರೆತರೂ ಸೂಕ್ಷ್ಮವಾದ ಕೇಳುಗೊಳವೆಯಲ್ಲಿ ಧ್ವನಿ ಮೂಡುತ್ತದೆ. ದೀಪ ಹೊಟ್ಟೆ ತುಂಬ ಬೇಡುತ್ತದೆ. ಕಿವಿಗೆ ಹನಿಯಷ್ಟು ಸಾಕು.

ಬಂಧುಗಳೇ, ತಂತಿಯಿಲ್ಲದೆ ಶಕ್ತಿಯನ್ನು ಮನೆಮನೆಗೆ ಹಂಚುವೆನೆಂದ ಟೆಸ್ಲಾರ ಗೋಪುರ ಉಳಿಯಲಿಲ್ಲ. ತಂತಿಯಿಲ್ಲದೆ ನುಡಿಯನ್ನು ಹಂಚಿದ ಮೂವತ್ತು ವ್ಯಾಟಿನ ಸಾಹಸ ಉಳಿಯಿತು. ಶಕ್ತಿ ಹಂಚಿದಷ್ಟೂ ಸಣ್ಣದಾಗುತ್ತದೆ. ನುಡಿ ಹಾಗಲ್ಲ, ಒಬ್ಬನು ಕೇಳಿದರೂ ಸಾವಿರ ಮಂದಿ ಕೇಳಿದರೂ ಅದರ ಅರ್ಥ ಇಡಿಯಾಗಿಯೇ ಉಳಿಯುತ್ತದೆ. ಹಣತೆಯಿಂದ ಹಣತೆಗೆ ಹತ್ತುವ ಗುಣ ಇರುವುದು ಅದಕ್ಕೇ. ಕಡಲಾಚೆ ನೆಲೆಸಿ ಮಕ್ಕಳಿಗೆ ಕನ್ನಡವನ್ನು ಕಲಿಸುತ್ತಿರುವ ತಮಗೆ ಇದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ.