ಮೈಸೂರು–ಮದರಾಸು ಒಪ್ಪಂದಗಳು: ಆಕರಗಳ ಪರಾಮರ್ಶೆ

ಕಾವೇರಿ ನೀರನ್ನು ಕುರಿತು ಮೈಸೂರು ಸಂಸ್ಥಾನವೂ ಮದರಾಸು ಸರ್ಕಾರವೂ 1892 ಹಾಗೂ 1924ರಲ್ಲಿ ಮಾಡಿಕೊಂಡ ಒಪ್ಪಂದಗಳು ಅಂತರರಾಷ್ಟ್ರೀಯ ನದೀನ್ಯಾಯದ ಅಭ್ಯಾಸಿಗಳಿಗೆ ಮಹತ್ತ್ವದ ಆಕರಗಳಾಗಿವೆ. ಎರಡನೆಯದರ ಕೆಲವು ಕಲಮುಗಳನ್ನು ಐವತ್ತು ವರ್ಷಗಳ ಬಳಿಕ ಪುನರ್ವಿಮರ್ಶಿಸಬೇಕೆಂದು ಅದರಲ್ಲಿಯೇ ಉಕ್ತವಾಗಿದೆ. ಇದನ್ನು ಒಪ್ಪಂದದ ಮುಕ್ತಾಯವೆಂದು ಕರ್ನಾಟಕವೂ, ಕೇವಲ ಪರಿಶೀಲನೆಯೆಂದು ತಮಿಳುನಾಡೂ ವಾದಿಸಿದವು. ಹೀಗೆ ಎರಡೂ ಕಡೆಯ ರೈತರ ನೀರಿನ ಪಾಲಿನ ಪ್ರಶ್ನೆಯು ಒಂದು ಪದದ ಅರ್ಥದೊಡನೆ ತಳುಕುಹಾಕಿಕೊಂಡಿತು. 1966ರ ಹೆಲ್ಸಿಂಕಿ ನಿಯಮಗಳನ್ನೂ ಪರಾಮರ್ಶಿಸಿದ ಸರ್ವೋಚ್ಚ ನ್ಯಾಯಾಲಯವು, ಒಪ್ಪಂದದ ಅವಧಿ 1974ರಲ್ಲಿ ಮುಗಿಯಿತೆಂದು 2018ರಲ್ಲಿ ನಿರ್ಣಯಿಸಿತು.

ಆ ತೀರ್ಪು ನ್ಯಾಯಾಲಯದ ಅಂತರ್ಜಾಲ ತಾಣದಲ್ಲಿ ಲಭ್ಯವಿದೆ. ಆದರೆ ಅಲ್ಲಲ್ಲಿ ದೊರೆಯುವ ಒಪ್ಪಂದದ ಆಯ್ದ ಭಾಗಗಳನ್ನೇ ನೆಚ್ಚದೆ, ಪೂರ್ಣಪಾಠವನ್ನು ಚೆನ್ನೈನ ಎಗ್ಮೋರಿನಲ್ಲಿ ತಮಿಳುನಾಡು ಪತ್ರಾಗಾರವು ಕಾಯ್ದಿರಿಸಿರುವ ಮದರಾಸು ಸರ್ಕಾರದ ದಾಖಲೆಗಳೊಡನೆ ಹೋಲಿಸುವುದು ವಿಹಿತ. ಹಸ್ತಪ್ರತಿಗಳ ಪಾಠಪರಿಷ್ಕರಣಕ್ಕೆ ಅಗತ್ಯವಾದ ಎಚ್ಚರವು ಇಲ್ಲಿಗೂ ಸಲ್ಲತಕ್ಕದ್ದು.